ಮನೆ ಕಂಪ್ಯೂಟರಿಗೆ ಆಂಟಿವೈರಸ್, ಫೈರ್‌ವಾಲ್, ಬ್ರೌಸರ್: ಯಾವುದು ಮೊದಲು, ಯಾವುದು ಆಮೇಲೆ

"ಯಾವ ಆಂಟಿವೈರಸ್ ಒಳ್ಳೇದು?" ಎಂದು ಎಲ್ಲರೂ ಮೊದಲು ಕೇಳುತ್ತಾರೆ. ಯಾರೋ ಒಂದು ಹೆಸರು ಹೇಳುತ್ತಾರೆ, ಇವರು ಕೊಂಡು ಹಾಕುತ್ತಾರೆ. ಸ್ವಲ್ಪ ದಿನಕ್ಕೆ ಕಂಪ್ಯೂಟರ್ ಇನ್ನೂ ನಿಧಾನವಾಗುತ್ತದೆ, ಬ್ರೌಸರ್ ತುಂಬ ಜಾಹೀರಾತು ಬರುತ್ತದೆ. ಆಗ ಮತ್ತೊಂದು ಆಂಟಿವೈರಸ್ ಹುಡುಕಲು ಶುರು.

ಇಲ್ಲಿ ಎಡವುವುದು ಹೆಸರಿನಲ್ಲಲ್ಲ, ಕ್ರಮದಲ್ಲಿ. ಹಳೆಯದನ್ನು ತೆಗೆಯದೆ ಹೊಸದನ್ನು ಹಾಕಿರುತ್ತಾರೆ. ಅಪ್‌ಡೇಟ್ ನಿಂತುಹೋದ ವಿಂಡೋಸ್ ಮೇಲೆ ಹಾಕಿರುತ್ತಾರೆ. ಇಲ್ಲವೇ ಕ್ರ್ಯಾಕ್ ಮಾಡಿದ (ಲೈಸೆನ್ಸ್ ಇಲ್ಲದೆ ನಡೆಯುವಂತೆ ತಿದ್ದಿದ) ಸಾಫ್ಟ್‌ವೇರಿಗೋಸ್ಕರ ಆಂಟಿವೈರಸ್ಸಿನ ಕಣ್ಣು ತಾವೇ ಮುಚ್ಚಿರುತ್ತಾರೆ. ಕೆಳಗಿನ ಎಂಟು ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ವಿಂಡೋಸ್ 10 ಅಥವಾ 11 ಇರುವ ಮನೆ ಕಂಪ್ಯೂಟರ್, ಲ್ಯಾಪ್‌ಟಾಪ್‌ಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

ಶುರು ಮಾಡುವ ಮೊದಲು ಇವಿಷ್ಟು ಕೈಯಲ್ಲಿರಲಿ: ಕಂಪ್ಯೂಟರಿನ ಅಡ್ಮಿನ್ ಪಾಸ್‌ವರ್ಡ್, ಫೈಲ್‌ಗಳನ್ನು ನಕಲಿಸಿಡಲು ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಅಥವಾ ದೊಡ್ಡ ಪೆನ್‌ಡ್ರೈವ್, ವೈಫೈ ರೌಟರಿನ ಅಡಿಯಲ್ಲಿ ಅಂಟಿಸಿದ ಚೀಟಿಯ ಫೋಟೊ. ಬಿಡುವಾದ ಒಂದು ಭಾನುವಾರ ಕೂತರೆ ಒಳ್ಳೆಯದು. ಅರ್ಧಕ್ಕೆ ಬಿಟ್ಟು ಏಳಬೇಡಿ, ಅದರಲ್ಲೂ 4ನೇ ಮತ್ತು 5ನೇ ಹಂತದ ನಡುವೆ.

ಹಂತ 1: ಈಗ ಏನಿದೆ ಎಂದು ನೋಡಿ

ಸೆಟಿಂಗ್ಸ್ ತೆರೆದು, ಸಿಸ್ಟಮ್ ಒಳಗೆ ಅಬೌಟ್‌ಗೆ ಹೋಗಿ. ಯಾವ ವಿಂಡೋಸ್, ಎಷ್ಟು ರ‍್ಯಾಮ್ ಎಂದು ಅಲ್ಲಿ ಕಾಣುತ್ತದೆ. ಎರಡನ್ನೂ ಬರೆದುಕೊಳ್ಳಿ.

ಆಮೇಲೆ ಸ್ಟಾರ್ಟ್ ಮೆನುವಿನಲ್ಲಿ ವಿಂಡೋಸ್ ಸೆಕ್ಯುರಿಟಿ ಹುಡುಕಿ ತೆರೆಯಿರಿ. ಅದರ ಸೆಟಿಂಗ್ಸ್‌ನಲ್ಲಿ ಮ್ಯಾನೇಜ್ ಪ್ರೊವೈಡರ್ಸ್ ಎಂಬ ಕೊಂಡಿ ಇದೆ. ಇದನ್ನು ತೆರೆದು ನೋಡುವವರು ತುಂಬ ಕಡಿಮೆ. ನಿಮ್ಮ ಕಂಪ್ಯೂಟರಿನಲ್ಲಿ ಆಂಟಿವೈರಸ್ ಕೆಲಸ ಯಾರದು, ಫೈರ್‌ವಾಲ್ (ಹೊರಗಿನಿಂದ ಬರುವ ಬೇಡದ ಸಂಪರ್ಕಗಳನ್ನು ತಡೆಯುವ ಕಾವಲು) ಕೆಲಸ ಯಾರದು, ಯಾವುದು ಆನ್ ಆಗಿದೆ, ಯಾವುದು ಆಫ್ ಆಗಿದೆ ಎಂದು ಅಲ್ಲಿ ಒಂದೇ ಕಡೆ ಸಿಗುತ್ತದೆ. ಲ್ಯಾಪ್‌ಟಾಪ್ ಜೊತೆ ಬಂದು ಅವಧಿ ಮುಗಿದ ಟ್ರಯಲ್ ಆಂಟಿವೈರಸ್ ಇನ್ನೂ ಅಲ್ಲಿ ಕೂತಿರುವುದು ಮಾಮೂಲು. ಅದು "ರಿನ್ಯೂ ಮಾಡಿ" ಎಂದು ಕಾಡುತ್ತಿರುತ್ತದೆಯೇ ಹೊರತು ಕಾಯುತ್ತಿರುವುದಿಲ್ಲ.

ಕೊನೆಗೆ ಸೆಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ. ಪಿಸಿ ಕ್ಲೀನರ್, ಡ್ರೈವರ್ ಅಪ್‌ಡೇಟರ್, ಸ್ಪೀಡ್ ಬೂಸ್ಟರ್ ಥರದ ಹೆಸರುಗಳಿದ್ದರೆ ಗುರುತು ಹಾಕಿಕೊಳ್ಳಿ.

ಹಂತ 2: ಫೈಲ್‌ಗಳನ್ನು ಬೇರೆ ಕಡೆ ನಕಲಿಸಿ

ಫೋಟೊ, ಮಕ್ಕಳ ಮಾರ್ಕ್ಸ್ ಕಾರ್ಡ್, ಪಹಣಿ ಸ್ಕ್ಯಾನ್, ತೆರಿಗೆ ಕಾಗದ ಎಲ್ಲವನ್ನೂ ಎಕ್ಸ್‌ಟರ್ನಲ್ ಡಿಸ್ಕಿಗೆ ನಕಲಿಸಿ. ಸಾಫ್ಟ್‌ವೇರ್ ಇನ್‌ಸ್ಟಾಲರ್‌ಗಳನ್ನು ನಕಲಿಸಬೇಡಿ, ಸೋಂಕು ಅವುಗಳಲ್ಲೇ ಇರಬಹುದು.

ನಕಲಿಸಿದ ಮೇಲೆ ಡಿಸ್ಕನ್ನು ಕಿತ್ತು ಕಪಾಟಿನಲ್ಲಿಡಿ. ಸದಾ ಸಿಕ್ಕಿಸಿಯೇ ಇಡುವವರು ತುಂಬ ಜನ. ಫೈಲ್‌ಗಳನ್ನು ಒತ್ತೆಯಿಟ್ಟು ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದರೆ ಕಂಪ್ಯೂಟರಿನ ಫೈಲ್‌ಗಳ ಜೊತೆ, ಆಗ ಸಿಕ್ಕಿಸಿರುವ ಡಿಸ್ಕಿನ ಫೈಲ್‌ಗಳಿಗೂ ಬೀಗ ಹಾಕುತ್ತದೆ.

ಹಂತ 3: ವಿಂಡೋಸನ್ನು ಸರಿಮಾಡಿ

ಇದು ಮುಗಿಯದೆ ಆಂಟಿವೈರಸ್ ಬಗ್ಗೆ ಯೋಚಿಸಲೇಬೇಡಿ. ಏಕೆಂದು ತಿಳಿಯಲು 2017ರ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಸಾಕು. ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚಿನಲ್ಲೇ ಕೊಟ್ಟಿತ್ತು. ವಾನಾಕ್ರೈ ಹರಡಿದ್ದು ಮೇ ತಿಂಗಳಲ್ಲಿ. ಮಾರ್ಚಿನ ಆ ಅಪ್‌ಡೇಟ್ ಹಾಕಿಕೊಂಡಿದ್ದ ಕಂಪ್ಯೂಟರುಗಳಿಗೆ ಆ ತೂತಿನ ಮೂಲಕ ನುಗ್ಗಲು ಅದಕ್ಕೆ ಆಗಲಿಲ್ಲ.

ಸೆಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆದು, ಬಂದದ್ದೆಲ್ಲ ಹಾಕಿ, ರೀಸ್ಟಾರ್ಟ್ ಮಾಡಿ. ಮತ್ತೆ ಅದೇ ಪುಟಕ್ಕೆ ಹೋಗಿ ನೋಡಿ. ಒಂದು ಮುಗಿದ ಮೇಲೆ ಇನ್ನೊಂದು ಬರುವುದುಂಟು. "ಅಪ್ ಟು ಡೇಟ್" ಎಂದು ಬರುವವರೆಗೂ ಬಿಡಬೇಡಿ.

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2020ರ ಜನವರಿಯಲ್ಲೇ ನಿಂತಿದೆ. ವಿಂಡೋಸ್ 8.1ಕ್ಕೆ 2023ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ನಿಂತಿತು. ವಿಂಡೋಸ್ 10 ಇರುವ ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಪಡೆಯುವ ಒಂದು ಯೋಜನೆಯನ್ನು ಮೈಕ್ರೋಸಾಫ್ಟ್ ಕೊಟ್ಟಿತು. ಅದಕ್ಕೆ ನೋಂದಣಿ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಇದೆ. ಇದು ಉಸಿರಾಡಲು ಸಿಕ್ಕ ಸಮಯ ಅಷ್ಟೇ. ಕಂಪ್ಯೂಟರ್ ಒಪ್ಪಿದರೆ ವಿಂಡೋಸ್ 11ಕ್ಕೆ ಹೋಗಿ. ಒಪ್ಪುತ್ತದೆಯೇ ಎಂದು ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ಆ್ಯಪ್ ಹೇಳುತ್ತದೆ. ಒಪ್ಪದಿದ್ದರೆ, ಬ್ರೌಸಿಂಗ್ ಮತ್ತು ಪತ್ರ ಬರೆಯುವುದಕ್ಕಷ್ಟೇ ಬಳಸುವ ಹಳೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಮಿಂಟ್ ಹಾಕಿಸುವುದು ಒಳ್ಳೆಯ ದಾರಿ. ಬೆಂಬಲ ನಿಂತ ವಿಂಡೋಸ್ ಮೇಲೆ ದುಬಾರಿ ಆಂಟಿವೈರಸ್ ಹಾಕುವ ದುಡ್ಡು ವ್ಯರ್ಥ.

ಇನ್ನು ಕ್ರ್ಯಾಕ್ ವಿಷಯ. ಕಂಪ್ಯೂಟರ್ ಜೋಡಿಸಿಕೊಡುವಾಗ ಲೈಸೆನ್ಸ್ ಇಲ್ಲದ ವಿಂಡೋಸ್, ಆಫೀಸ್, ಫೋಟೊಶಾಪ್ ಹಾಕಿಕೊಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಅದಕ್ಕೆ ಬಳಸುವ ಆ್ಯಕ್ಟಿವೇಟರ್ "ಮೊದಲು ಆಂಟಿವೈರಸ್ ಆಫ್ ಮಾಡಿ" ಎಂದು ಕೇಳುತ್ತದೆ. ಪಾಸ್‌ವರ್ಡ್ ಕದಿಯುವ ತಂತ್ರಾಂಶಗಳು ಹರಡುವ ದೊಡ್ಡ ದಾರಿಗಳಲ್ಲಿ ಇದೂ ಒಂದು. ಸೆಟಿಂಗ್ಸ್‌ನಲ್ಲಿ ಸಿಸ್ಟಮ್ (ವಿಂಡೋಸ್ 10ರಲ್ಲಿ ಅಪ್‌ಡೇಟ್ ಆ್ಯಂಡ್ ಸೆಕ್ಯುರಿಟಿ), ಅದರೊಳಗೆ ಆ್ಯಕ್ಟಿವೇಶನ್ ನೋಡಿ. ಲೈಸೆನ್ಸ್ ಇಲ್ಲದಿದ್ದರೆ ಆಂಟಿವೈರಸ್ಸಿಗೆ ಎತ್ತಿಟ್ಟ ದುಡ್ಡನ್ನು ವಿಂಡೋಸ್ ಲೈಸೆನ್ಸಿಗೆ ಹಾಕಿ, ಹೊಸದಾಗಿ ಇನ್‌ಸ್ಟಾಲ್ ಮಾಡಿಸಿ. ಆಫೀಸ್ ಬದಲು ಲಿಬ್ರೆಆಫೀಸ್ ಉಚಿತವಾಗಿ ಸಿಗುತ್ತದೆ. ಮನೆ ಕೆಲಸಕ್ಕೆ ಅದು ಧಾರಾಳ ಸಾಕು.

ಕನ್ನಡ ಟೈಪಿಂಗಿಗೆಂದು ಸಿಕ್ಕಸಿಕ್ಕ ಸೈಟಿನಿಂದ ಸಾಫ್ಟ್‌ವೇರ್ ಇಳಿಸುವುದೂ ಇದೇ ಜಾತಿಯ ತಪ್ಪು. ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ. ಸೆಟಿಂಗ್ಸ್‌ನ ಭಾಷೆಯ ವಿಭಾಗದಲ್ಲಿ ಕನ್ನಡ ಸೇರಿಸಿದರೆ ಸಾಕು. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಫೋನೆಟಿಕ್ ಕೀಬೋರ್ಡೂ ಅಲ್ಲಿದೆ. ನುಡಿ ಅಥವಾ ಬರಹ ಬೇಕೇ ಬೇಕು ಎನ್ನುವವರು ಅವುಗಳ ಸ್ವಂತ ಸೈಟಿನಿಂದ ಮಾತ್ರ ಇಳಿಸಿಕೊಳ್ಳಿ.

ಹಂತ 4: ಹಳೆಯದನ್ನು ಬೇರುಸಮೇತ ತೆಗೆಯಿರಿ

ಎರಡು ಆಂಟಿವೈರಸ್ ಇದ್ದರೆ ರಕ್ಷಣೆ ದುಪ್ಪಟ್ಟಾಗುವುದಿಲ್ಲ. ನೀವು ಒಂದು ಫೈಲ್ ತೆರೆದರೆ ಎರಡೂ ಅದನ್ನು ಹಿಡಿದು ಪರೀಕ್ಷಿಸಲು ನೋಡುತ್ತವೆ. ಒಂದು ಬದಿಗಿಟ್ಟ ವೈರಸ್ಸನ್ನು ಇನ್ನೊಂದು ಹೊಸ ವೈರಸ್ ಎಂದು ಹಿಡಿಯಬಹುದು. ಕಂಪ್ಯೂಟರ್ ತೆವಳುತ್ತದೆ, ಕೆಲವೊಮ್ಮೆ ನೀಲಿ ಪರದೆ ಬಂದು ನಿಲ್ಲುತ್ತದೆ.

ಸೆಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಿಂದ ಹಳೆಯ ಆಂಟಿವೈರಸ್ಸನ್ನು ಅನ್‌ಇನ್‌ಸ್ಟಾಲ್ ಮಾಡಿ. ಐಕಾನ್ ಅಳಿಸುವುದು, ಫೋಲ್ಡರ್ ಡಿಲೀಟ್ ಮಾಡುವುದು ಅನ್‌ಇನ್‌ಸ್ಟಾಲ್ ಅಲ್ಲ. ಆಮೇಲೆ ರೀಸ್ಟಾರ್ಟ್ ಮಾಡಿ. 1ನೇ ಹಂತದಲ್ಲಿ ಗುರುತು ಹಾಕಿದ ಕ್ಲೀನರ್, ಬೂಸ್ಟರ್‌ಗಳನ್ನೂ ಹೀಗೇ ತೆಗೆಯಿರಿ.

ಮತ್ತೆ ಮ್ಯಾನೇಜ್ ಪ್ರೊವೈಡರ್ಸ್ ನೋಡಿ. ಹಳೆಯ ಹೆಸರು ಇನ್ನೂ ಅಲ್ಲೇ ಇದ್ದರೆ ಚೂರುಪಾರು ಉಳಿದಿದೆ ಎಂದರ್ಥ. ದೊಡ್ಡ ಕಂಪನಿಗಳು ಇದಕ್ಕೆಂದೇ ರಿಮೂವಲ್ ಟೂಲ್ ಕೊಡುತ್ತವೆ. ಅದೇ ಕಂಪನಿಯ ಸೈಟಿನಿಂದ ಇಳಿಸಿ ಓಡಿಸಿ, ಮತ್ತೊಮ್ಮೆ ರೀಸ್ಟಾರ್ಟ್ ಮಾಡಿ. ಪೂರ್ತಿ ಹೋದ ಮೇಲೆ ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ತಾನಾಗಿ ಆನ್ ಆಗುತ್ತದೆ. ಅದು ಆನ್ ಆಗದೆ ಹಟ ಹಿಡಿದರೆ ಅದನ್ನು ಎಚ್ಚರಿಕೆ ಎಂದೇ ತಿಳಿಯಿರಿ. ಒಳಗೆ ಯಾವುದೋ ಕೆಟ್ಟ ತಂತ್ರಾಂಶ ಅದನ್ನು ತಡೆದಿರಬಹುದು.

ಹಂತ 5: ಆಂಟಿವೈರಸ್ ಆರಿಸಿ, ಒಂದೇ ಒಂದು

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹೆಚ್ಚಿನ ಮನೆಗಳಿಗೆ ಡಿಫೆಂಡರ್ ಸಾಕು. ಉಚಿತ, ವಿಂಡೋಸ್ ಅಪ್‌ಡೇಟ್ ಜೊತೆಗೇ ಅಪ್‌ಡೇಟ್ ಆಗುತ್ತದೆ, ರಿನ್ಯೂ ಮಾಡಿ ಎಂದು ಪೀಡಿಸುವುದಿಲ್ಲ. ಆದರೆ ಅದರ ಕೆಲವು ಸೆಟಿಂಗ್‌ಗಳನ್ನು ನೀವೇ ನೋಡಿಕೊಳ್ಳಬೇಕು.

ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್ ತೆರೆದು ಮ್ಯಾನೇಜ್ ಸೆಟಿಂಗ್ಸ್‌ಗೆ ಹೋಗಿ. ರಿಯಲ್ ಟೈಮ್, ಕ್ಲೌಡ್, ಟ್ಯಾಂಪರ್ ಪ್ರೊಟೆಕ್ಷನ್ ಮೂರೂ ಆನ್ ಇರಲಿ. ಟ್ಯಾಂಪರ್ ಪ್ರೊಟೆಕ್ಷನ್ ಇದ್ದರೆ ಬೇರೆ ಪ್ರೋಗ್ರಾಂಗಳು ಡಿಫೆಂಡರನ್ನು ಕದ್ದು ಆಫ್ ಮಾಡುವುದು ಕಷ್ಟ.

ಅದೇ ಪುಟದ ಕೆಳಗೆ ಎಕ್ಸ್‌ಕ್ಲೂಶನ್ಸ್ ಇದೆ. ದಯವಿಟ್ಟು ಇದನ್ನು ತೆರೆದು ನೋಡಿ. "ಈ ಜಾಗವನ್ನು ಪರೀಕ್ಷಿಸಬೇಡ" ಎಂದು ಡಿಫೆಂಡರಿಗೆ ಹೇಳಿರುವ ಪಟ್ಟಿ ಅದು. ಕ್ರ್ಯಾಕ್ ಹಾಕಿಸಿಕೊಂಡ ಕಂಪ್ಯೂಟರುಗಳಲ್ಲಿ ಡೌನ್‌ಲೋಡ್ಸ್ ಫೋಲ್ಡರ್ ಅಥವಾ ಇಡೀ ಸಿ ಡ್ರೈವ್ ಅಲ್ಲಿ ಸೇರಿರಬಹುದು. ಹಾಗಿದ್ದರೆ ಎಲ್ಲ ಹಸಿರು ಟಿಕ್ ಇದ್ದರೂ ಡಿಫೆಂಡರ್ ಆ ಜಾಗದಲ್ಲಿ ಏನನ್ನೂ ನೋಡುತ್ತಿರುವುದಿಲ್ಲ. ನೀವೇ ತಿಳಿದು ಸೇರಿಸಿದ್ದು ಅಲ್ಲದಿದ್ದರೆ ಅಲ್ಲಿರುವುದನ್ನೆಲ್ಲ ತೆಗೆಯಿರಿ.

ಮುಂದೆ ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್ ಒಳಗೆ ರೆಪ್ಯುಟೇಶನ್ ಎಂದು ಶುರುವಾಗುವ ಸೆಟಿಂಗ್ ತೆರೆದು, ಬೇಡದ ಆ್ಯಪ್‌ಗಳನ್ನು ತಡೆಯುವ ಆಯ್ಕೆಯನ್ನು ಆನ್ ಮಾಡಿ. ಉಚಿತ ಪ್ಲೇಯರ್, ಕನ್ವರ್ಟರ್ ಇಳಿಸುವಾಗ ಜೊತೆಗೆ ಅಂಟಿಕೊಂಡು ಬರುವ ಟೂಲ್‌ಬಾರ್‌ಗಳು ಇದರಿಂದ ಬಹಳ ಮಟ್ಟಿಗೆ ನಿಲ್ಲುತ್ತವೆ.

ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್‌ನಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಎಂಬುದೂ ಇದೆ. ಗುರುತಿಲ್ಲದ ಪ್ರೋಗ್ರಾಂಗಳು ನಿಮ್ಮ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್ ಮುಟ್ಟದಂತೆ ಅದು ತಡೆಯುತ್ತದೆ. ಆದರೆ ಹಳೆಯ ಲೆಕ್ಕದ ಸಾಫ್ಟ್‌ವೇರೋ ಟೈಪಿಂಗ್ ಸಾಫ್ಟ್‌ವೇರೋ ಫೈಲ್ ಸೇವ್ ಮಾಡಲಾಗದೆ ಒದ್ದಾಡಬಹುದು. ಆಗ ಆ ಒಂದು ಪ್ರೋಗ್ರಾಂಗೆ ಅನುಮತಿ ಕೊಡಿ. ರಕ್ಷಣೆಯನ್ನೇ ಆಫ್ ಮಾಡಬೇಡಿ.

ದುಡ್ಡು ಕೊಟ್ಟು ಕೊಳ್ಳುವುದು ಯಾವಾಗ? ಮನೆಯಲ್ಲಿ ಹಲವು ಸಾಧನಗಳಿದ್ದು ಎಲ್ಲಕ್ಕೂ ಒಂದೇ ಲೈಸೆನ್ಸ್ ಬೇಕಾದಾಗ, ಮಕ್ಕಳ ಬಳಕೆಯ ಮೇಲೆ ಹೆಚ್ಚು ಹಿಡಿತ ಬೇಕಾದಾಗ, ಅಥವಾ ತೊಂದರೆ ಬಂದರೆ ಫೋನ್ ಮಾಡಿ ಕೇಳಲು ಯಾರಾದರೂ ಬೇಕು ಅನ್ನಿಸಿದಾಗ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮ ದೇಶದ ಕಂಪನಿಗಳು. ಯಾವುದನ್ನೇ ಕೊಳ್ಳುವ ಮೊದಲು ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಸಂಸ್ಥೆಗಳ ಹೊಸ ವರದಿ ನೋಡಿ. ಎವಿ-ಟೆಸ್ಟ್ ರಕ್ಷಣೆ, ವೇಗ, ಬಳಕೆ ಮೂರಕ್ಕೂ ತಲಾ 6ರಂತೆ ಒಟ್ಟು 18 ಅಂಕ ಕೊಡುತ್ತದೆ. ರಕ್ಷಣೆಯಲ್ಲಿ ಹೆಚ್ಚಿನವಕ್ಕೆ ಒಳ್ಳೆಯ ಅಂಕವೇ ಇರುತ್ತದೆ. ಹಾಗಾಗಿ ವೇಗದ ಅಂಕ ನೋಡಿ, ಒಳ್ಳೆಯ ಫೈಲನ್ನು ವೈರಸ್ ಎಂದು ಎಷ್ಟು ಸಲ ತಪ್ಪಾಗಿ ಹಿಡಿದಿದೆ ಎಂಬುದನ್ನೂ ನೋಡಿ.

ಬೆಲೆ ನೋಡುವಾಗ ಮೊದಲ ವರ್ಷದ ರಿಯಾಯಿತಿಗೆ ಮರುಳಾಗಬೇಡಿ, ಎರಡನೇ ವರ್ಷದ ರಿನ್ಯೂವಲ್ ಬೆಲೆ ಕೇಳಿ. ಆಟೊ ರಿನ್ಯೂವಲ್ ಆಫ್ ಮಾಡಿ. ಟ್ಯೂನ್ ಅಪ್, ವಿಪಿಎನ್ ಸೇರಿಸಿ ಜಾಸ್ತಿ ಬೆಲೆಗೆ ಮಾರುವ ಪ್ಯಾಕ್ ಬೇಡ. ಉಚಿತ ಆಂಟಿವೈರಸ್‌ಗಳ ವಿಷಯದಲ್ಲಿ ಇನ್ನೊಂದು ಮಾತು. ಬಳಕೆದಾರರ ಬ್ರೌಸಿಂಗ್ ಮಾಹಿತಿ ಮಾರಿದ್ದಕ್ಕಾಗಿ ಅವಾಸ್ಟ್ ಕಂಪನಿ 1 ಕೋಟಿ 65 ಲಕ್ಷ ಡಾಲರ್ ಕಟ್ಟಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಹೇಳಿತು. ಉಚಿತವಾದದ್ದನ್ನು ಹಾಕುವಾಗ ಮಾಹಿತಿ ಹಂಚಿಕೆಯ ಟಿಕ್‌ಗಳನ್ನು ಓದಿ, ತೆಗೆಯಿರಿ.

ಆರಿಸಿ ಆದ ಮೇಲೆ ಒಂದು ಫುಲ್ ಸ್ಕ್ಯಾನ್ ಮಾಡಿ. ಡಿಫೆಂಡರ್ ಇದ್ದರೆ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಕೂಡ ಮಾಡಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಶುರುವಾಗುವ ಮೊದಲೇ ಸುಮಾರು 15 ನಿಮಿಷ ಹುಡುಕುತ್ತದೆ. ಬಚ್ಚಿಟ್ಟುಕೊಳ್ಳುವ ವೈರಸ್‌ಗಳು ಆಗ ಸಿಕ್ಕಿಬೀಳುತ್ತವೆ.

ಇಷ್ಟಾದರೂ ನಿಧಾನವೇ? 4 ಜಿಬಿ ರ‍್ಯಾಮ್, ಹಳೆಯ ಹಾರ್ಡ್‌ಡಿಸ್ಕ್ ಇದ್ದರೆ ಯಾವ ಆಂಟಿವೈರಸ್ ಬದಲಿಸಿದರೂ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಹಾರ್ಡ್‌ಡಿಸ್ಕ್ ಬದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ.

ಹಂತ 6: ಫೈರ್‌ವಾಲ್, ಎರಡು ಕಡೆ

ಮೊದಲನೆಯದು ರೌಟರಿನಲ್ಲಿದೆ. ಹೊರಗಿನಿಂದ ಸುಮ್ನೆ ಬಂದು ತಟ್ಟುವ ಸಂಪರ್ಕಗಳನ್ನು ರೌಟರ್ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಆದರೆ ಅದರ ಅಡ್ಮಿನ್ ಪಾಸ್‌ವರ್ಡ್ ಬಂದ ದಿನದ್ದೇ ಉಳಿದಿದ್ದರೆ ಏನು ಉಪಯೋಗ? ಚೀಟಿಯಲ್ಲಿರುವ ವಿಳಾಸವನ್ನು ಬ್ರೌಸರಿನಲ್ಲಿ ತೆರೆದು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಇದು ವೈಫೈ ಪಾಸ್‌ವರ್ಡ್ ಅಲ್ಲ, ಬೇರೆಯದು. ರಿಮೋಟ್ ಮ್ಯಾನೇಜ್‌ಮೆಂಟ್ (ಹೊರಗಿನಿಂದ ರೌಟರ್ ಸೆಟಿಂಗ್ಸ್ ತೆರೆಯುವ ಸೌಲಭ್ಯ) ಮತ್ತು ಡಬ್ಲ್ಯೂಪಿಎಸ್ (ಗುಂಡಿ ಅಥವಾ ಪಿನ್ ಒತ್ತಿ ವೈಫೈಗೆ ಸೇರುವ ಸೌಲಭ್ಯ) ಆಫ್ ಮಾಡಿ. ವೈಫೈ ಭದ್ರತೆ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಇರಲಿ.

ಎರಡನೆಯದು ವಿಂಡೋಸ್‌ನಲ್ಲೇ ಇದೆ. ವಿಂಡೋಸ್ ಸೆಕ್ಯುರಿಟಿಯಲ್ಲಿ ಫೈರ್‌ವಾಲ್ ಆ್ಯಂಡ್ ನೆಟ್‌ವರ್ಕ್ ಪ್ರೊಟೆಕ್ಷನ್ ತೆರೆದರೆ ಡೊಮೇನ್, ಪ್ರೈವೇಟ್, ಪಬ್ಲಿಕ್ ಎಂದು ಮೂರು ಸಾಲು ಕಾಣುತ್ತವೆ. ಮೂರೂ ಆನ್ ಇರಬೇಕು. ಬೇರೆ ಫೈರ್‌ವಾಲ್ ಸಾಫ್ಟ್‌ವೇರ್ ಮನೆಗೆ ಬೇಕಿಲ್ಲ. ಪ್ರತಿ ಐದು ನಿಮಿಷಕ್ಕೆ "ಅನುಮತಿ ಕೊಡಲೇ?" ಎಂದು ಕೇಳುವ ಫೈರ್‌ವಾಲ್ ಹಾಕಿದರೆ ಮನೆಯವರು ಓದದೆ "ಅಲೋ" ಒತ್ತುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ಕೊಂಡ ಆಂಟಿವೈರಸ್ ತನ್ನದೇ ಫೈರ್‌ವಾಲ್ ತಂದಿದ್ದರೆ ಅದೇ ಇರಲಿ. ಎರಡರಲ್ಲಿ ಒಂದು ಆನ್ ಇದೆ ಎಂದು ಮ್ಯಾನೇಜ್ ಪ್ರೊವೈಡರ್ಸ್‌ನಲ್ಲಿ ಖಚಿತ ಮಾಡಿಕೊಳ್ಳಿ.

ಜನ ಫೈರ್‌ವಾಲ್ ಆಫ್ ಮಾಡುವುದು ಹೆಚ್ಚಾಗಿ ಪ್ರಿಂಟರ್ ಕಾಣದಿದ್ದಾಗ. ಆಫ್ ಮಾಡಿದ ಮೇಲೆ ಮತ್ತೆ ಆನ್ ಮಾಡಲು ಮರೆಯುತ್ತಾರೆ. ಅದರ ಬದಲು ಮನೆಯ ವೈಫೈ ಪ್ರಾಪರ್ಟೀಸ್‌ನಲ್ಲಿ ಪ್ರೈವೇಟ್ ಆರಿಸಿ, ಪ್ರಿಂಟರ್ ಕಾಣುತ್ತದೆಯೇ ನೋಡಿ. ಹೋಟೆಲ್, ರೈಲು ನಿಲ್ದಾಣ, ಪಿಜಿ ವೈಫೈಗಳಲ್ಲಿ ಯಾವಾಗಲೂ ಪಬ್ಲಿಕ್. ಅನುಮತಿ ಪಡೆದ ಆ್ಯಪ್‌ಗಳ ಪಟ್ಟಿಯಲ್ಲಿ ಏನೇನೋ ತುಂಬಿಕೊಂಡಿದ್ದರೆ ರಿಸ್ಟೋರ್ ಫೈರ್‌ವಾಲ್ಸ್ ಟು ಡಿಫಾಲ್ಟ್ ಒತ್ತಿ ಹೊಸದಾಗಿ ಶುರು ಮಾಡಿ.

ಹಂತ 7: ಬ್ರೌಸರ್, ಎಲ್ಲಕ್ಕಿಂತ ಹೆಚ್ಚು ಗಮನ ಇದಕ್ಕೆ

ಮೋಸದ ಪುಟ, ಸುಳ್ಳು ಡೌನ್‌ಲೋಡ್, ಪಾಸ್‌ವರ್ಡ್ ಕಳ್ಳತನ ಹೆಚ್ಚಾಗಿ ಬರುವುದು ಬ್ರೌಸರ್ ಮೂಲಕವೇ. ಆದರೂ ಇದನ್ನು ಇಷ್ಟು ಹಿಂದೆ ಇಟ್ಟಿರುವುದಕ್ಕೆ ಕಾರಣವಿದೆ. ಸೋಂಕಿರುವ ಕಂಪ್ಯೂಟರಿನಲ್ಲಿ ಹೊಸ ಬ್ರೌಸರ್ ಹಾಕಿ ಪಾಸ್‌ವರ್ಡ್ ತುಂಬಿದರೆ ಅದೂ ಕಳ್ಳರ ಪಾಲಾಗುತ್ತದೆ.

ಕ್ರೋಮ್, ಎಡ್ಜ್, ಬ್ರೇವ್ ಮೂರೂ ಕ್ರೋಮಿಯಂ ಎಂಬ ಒಂದೇ ಬುನಾದಿಯ ಮೇಲೆ ಕಟ್ಟಿದವು. ಫೈರ್‌ಫಾಕ್ಸ್‌ನದು ಬೇರೆ. ನಾಲ್ಕಕ್ಕೂ ಅಪ್‌ಡೇಟ್ ಬೇಗ ಬೇಗ ಬರುತ್ತದೆ, ನಾಲ್ಕೂ ಆಗಬಹುದು. ಹೆಸರು ಕೇಳದ "ಫಾಸ್ಟ್ ಬ್ರೌಸರ್"ಗಳು ಬೇಡ. ನನ್ನ ಸಲಹೆ ಎರಡು ಬ್ರೌಸರ್ ಇಟ್ಟುಕೊಳ್ಳುವುದು. ಬ್ಯಾಂಕ್, ತೆರಿಗೆ, ಆಧಾರ್ ಕೆಲಸಕ್ಕೆ ಒಂದು, ಅದರಲ್ಲಿ ಒಂದೂ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸುವ ಪುಟ್ಟ ಪ್ರೋಗ್ರಾಂ) ಬೇಡ. ಉಳಿದ ಓದು, ವಿಡಿಯೊ, ಹುಡುಕಾಟಕ್ಕೆ ಇನ್ನೊಂದು. ಎಡ್ಜ್ ಹೇಗೂ ವಿಂಡೋಸ್ ಜೊತೆ ಬಂದಿರುತ್ತದೆ, ಅದನ್ನು ಬ್ಯಾಂಕಿಗೆ ಇಡಿ. ಓದಲು ಫೈರ್‌ಫಾಕ್ಸ್ ಹಾಕಿ, ಅದರಲ್ಲಿ ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಎಂಬ ಎಕ್ಸ್‌ಟೆನ್ಶನ್ ಸೇರಿಸಿ. ಸುಳ್ಳು ಡೌನ್‌ಲೋಡ್ ಗುಂಡಿಗಳು ಹೆಚ್ಚಾಗಿ ಜಾಹೀರಾತಿನ ಜಾಗದಲ್ಲೇ ಬರುತ್ತವೆ, ಜಾಹೀರಾತು ತಡೆದರೆ ಅವೂ ಕಾಣುವುದಿಲ್ಲ. ಕ್ರೋಮ್ ಎಕ್ಸ್‌ಟೆನ್ಶನ್ ನಿಯಮ ಬದಲಿಸಿದ ಮೇಲೆ ಅಲ್ಲಿ ಇದರ ಲೈಟ್ ಆವೃತ್ತಿ ಮಾತ್ರ ನಡೆಯುತ್ತದೆ.

ಬ್ರೌಸರ್ ಇಳಿಸುವಾಗ ಹುಡುಕಾಟದ ಮೊದಲ ಫಲಿತಾಂಶ ಒತ್ತಬೇಡಿ. ಅಲ್ಲಿ "ಸ್ಪಾನ್ಸರ್ಡ್" ಎಂದಿದ್ದರೆ ಅದು ಜಾಹೀರಾತು, ನಕಲಿ ಸೈಟ್ ಇರಬಹುದು. ವಿಳಾಸವನ್ನು ನೀವೇ ಟೈಪ್ ಮಾಡಿ. ಹಾಕಿದ ಮೇಲೆ ಈ ನಾಲ್ಕು ಕೆಲಸ ಮಾಡಿ.

ಒಂದು, ಎಕ್ಸ್‌ಟೆನ್ಶನ್ ಪಟ್ಟಿ ತೆರೆದು ಯಾಕಿದೆ ಎಂದು ನೆನಪಾಗದವನ್ನೆಲ್ಲ ತೆಗೆಯಿರಿ. ಎರಡು, ಸೈಟ್ ಸೆಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ನೋಡಿ. ಪರದೆಯ ಮೂಲೆಯಲ್ಲಿ "ನಿಮ್ಮ ಕಂಪ್ಯೂಟರಿಗೆ 5 ವೈರಸ್ ತಗುಲಿದೆ" ಎಂದು ಹಾರುವ ಚೀಟಿಗಳು ಎಷ್ಟೋ ಸಲ ವೈರಸ್ಸೇ ಅಲ್ಲ. ಯಾವಾಗಲೋ ಯಾವುದೋ ಸೈಟಿಗೆ "ಅಲೋ" ಒತ್ತಿದ ಫಲ. ಆ ಸೈಟುಗಳನ್ನು ಅಲ್ಲಿಂದ ತೆಗೆದರೆ ಅವು ನಿಲ್ಲುತ್ತವೆ. ಇದೊಂದು ಗೊತ್ತಿಲ್ಲದೆ ಆಂಟಿವೈರಸ್ ಕೊಂಡವರು ಬಹಳ ಜನ. ಮೂರು, ಮೋಸದ ಸೈಟುಗಳ ಬಗ್ಗೆ ಎಚ್ಚರಿಸುವ ಸೇಫ್ ಬ್ರೌಸಿಂಗ್ ಅಥವಾ ಸ್ಮಾರ್ಟ್‌ಸ್ಕ್ರೀನ್ ಆನ್ ಇದೆಯೇ ನೋಡಿ. ನಾಲ್ಕು, ಬ್ರೌಸರನ್ನು ದಿನಕ್ಕೊಮ್ಮೆ ಪೂರ್ತಿ ಮುಚ್ಚಿ. ಅಪ್‌ಡೇಟ್ ಇಳಿದಿದ್ದರೂ ಮುಚ್ಚಿ ತೆರೆಯುವವರೆಗೆ ಅದು ಜಾರಿಗೆ ಬರುವುದಿಲ್ಲ.

ಕನ್ನಡ ಓದುಗರಿಗೆ ಇನ್ನೊಂದು ಎಚ್ಚರಿಕೆ. "ಈ ಪುಟ ಓದಲು ಕನ್ನಡ ಫಾಂಟ್ ಇನ್‌ಸ್ಟಾಲ್ ಮಾಡಿ" ಎಂದು ಯಾವುದಾದರೂ ಸೈಟ್ ಕೇಳಿದರೆ ಒಪ್ಪಬೇಡಿ. ತುಂಗಾ, ನಿರ್ಮಲಾ ಫಾಂಟ್‌ಗಳನ್ನು ಮೈಕ್ರೋಸಾಫ್ಟೇ ಒದಗಿಸುತ್ತದೆ. ಯೂನಿಕೋಡ್ ಕನ್ನಡ ಓದಲು ಇಂದು ಹೊರಗಿನಿಂದ ಏನೂ ಬೇಕಿಲ್ಲ. ಹಾಗೆಯೇ ವಿಳಾಸದ ಪಕ್ಕದ ಬೀಗದ ಗುರುತು ಸಂಪರ್ಕ ಗುಟ್ಟಾಗಿದೆ ಎಂದಷ್ಟೇ ಹೇಳುತ್ತದೆ. ಸೈಟಿನವರು ಪ್ರಾಮಾಣಿಕರು ಎಂದು ಹೇಳುವುದಿಲ್ಲ. ಮೋಸದ ಸೈಟಿಗೂ ಬೀಗ ಸಿಗುತ್ತದೆ.

ಹಂತ 8: ಪರೀಕ್ಷಿಸಿ

ಆಂಟಿವೈರಸ್ ನಿಜಕ್ಕೂ ಎಚ್ಚರವಿದೆಯೇ ಎಂದು ನೋಡಲು ಐಕಾರ್ ಎಂಬ ಸಂಸ್ಥೆ 68 ಅಕ್ಷರಗಳ ಒಂದು ಪರೀಕ್ಷಾ ಫೈಲ್ ಕೊಡುತ್ತದೆ. ಅದರಿಂದ ಯಾವ ಹಾನಿಯೂ ಇಲ್ಲ. ಆದರೆ ಆಂಟಿವೈರಸ್‌ಗಳು ಅದನ್ನು ವೈರಸ್ ಎಂದೇ ಹಿಡಿಯಬೇಕು ಎಂಬ ಒಪ್ಪಂದವಿದೆ. ಐಕಾರ್ ಸೈಟಿನಿಂದ ಅದನ್ನು ಇಳಿಸಲು ನೋಡಿ. ತಡೆದರೆ ಸರಿ. ತಣ್ಣಗೆ ಇಳಿದು ಡೌನ್‌ಲೋಡ್ಸ್‌ನಲ್ಲಿ ಕೂತರೆ 5ನೇ ಹಂತಕ್ಕೆ ವಾಪಸ್ ಹೋಗಿ, ಮುಖ್ಯವಾಗಿ ಎಕ್ಸ್‌ಕ್ಲೂಶನ್ಸ್ ನೋಡಿ.

ಪೆನ್‌ಡ್ರೈವನ್ನೂ ಮರೆಯಬೇಡಿ. ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವ್‌ನಲ್ಲಿ ಫೋಲ್ಡರ್‌ಗಳ ಜಾಗದಲ್ಲಿ ಶಾರ್ಟ್‌ಕಟ್‌ಗಳು ಕಂಡರೆ ಒಂದನ್ನೂ ತೆರೆಯಬೇಡಿ. ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಮಾಡಿ. ನಿಮ್ಮ ಫೈಲ್‌ಗಳು ಹೆಚ್ಚಾಗಿ ಹಿಡನ್ ಆಗಿ ಅಲ್ಲೇ ಇರುತ್ತವೆ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಆನ್ ಮಾಡಿದರೆ ಹಲವು ಸಲ ಕಾಣುತ್ತವೆ. ಪ್ರಿಂಟ್ ಹಾಕಿಸಲು ಬೇರೆ ಪೆನ್‌ಡ್ರೈವ್ ಇಟ್ಟು, ಅದರಲ್ಲಿ ಬೇಕಾದ ಒಂದೇ ಫೈಲ್ ಒಯ್ಯಿರಿ.

ಅಪಾಯದ ಸೂಚನೆಗಳು, ಆಗ ಮಾಡಬೇಕಾದ್ದು

ಆಂಟಿವೈರಸ್ ತಾನಾಗಿ ಆಫ್ ಆಗುತ್ತಿದ್ದರೆ, ತೆಗೆದ ಎಕ್ಸ್‌ಕ್ಲೂಶನ್ ಮತ್ತೆ ಬಂದು ಕೂತರೆ, ಮನೆ ಕಂಪ್ಯೂಟರಿನಲ್ಲಿ "ನಿಮ್ಮ ಸಂಸ್ಥೆ ಇದನ್ನು ನಿರ್ವಹಿಸುತ್ತಿದೆ" ಎಂಬ ಸಾಲು ಕಂಡರೆ, ನೀವು ಕಳಿಸದ ಮೇಲ್ ನಿಮ್ಮ ಖಾತೆಯಿಂದ ಹೋಗಿದ್ದರೆ ಅನುಮಾನ ಪಡಿ.

ಪರದೆ ತುಂಬ ಕೆಂಪು ಎಚ್ಚರಿಕೆ, ಜೋರು ಸದ್ದು, ಕೆಳಗೆ ಫೋನ್ ನಂಬರ್ ಇದ್ದರೆ ಅದು ಖಂಡಿತ ಮೋಸ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಹಾಕುವುದಿಲ್ಲ. ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ. ಆ ನಂಬರಿಗೆ ಫೋನ್ ಮಾಡಬೇಡಿ. ಯಾರಾದರೂ, ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್ ಅಥವಾ ಟೀಮ್‌ವ್ಯೂವರ್ ಹಾಕಿಕೊಳ್ಳಿ ಎಂದು ಹೇಳಿದರೆ ಮಾತು ಮುಗಿಸಿ ಫೋನ್ ಇಡಿ. ಮನೆಯ ಹಿರಿಯರಿಗೆ ಇದನ್ನು ಕೂರಿಸಿಕೊಂಡು ಹೇಳಿಕೊಡಿ, ಭಯದಲ್ಲಿ ಯಾರಿಗಾದರೂ ಕೈತಪ್ಪಬಹುದು.

ಸೋಂಕು ಖಚಿತ ಅನ್ನಿಸಿದರೆ ಮೊದಲು ಇಂಟರ್‌ನೆಟ್ ಕಡಿಯಿರಿ, ಆಫ್‌ಲೈನ್ ಸ್ಕ್ಯಾನ್ ಮಾಡಿ. ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಿಂದ ಬದಲಿಸಿ, ಇಮೇಲಿನದು ಮೊದಲು, ಬ್ಯಾಂಕಿನದು ಆಮೇಲೆ. ಬೇರೆ ಖಾತೆಗಳ ಪಾಸ್‌ವರ್ಡ್ ರಿಸೆಟ್ ಆಗಿ ಬರುವುದು ಇಮೇಲಿಗೇ ಅಲ್ವಾ, ಅದಕ್ಕೆ. "ಎಲ್ಲ ಸಾಧನಗಳಿಂದ ಸೈನ್ ಔಟ್" ಆಯ್ಕೆಯನ್ನೂ ಒತ್ತಿ, ಇಲ್ಲದಿದ್ದರೆ ಕದ್ದ ಲಾಗಿನ್ ಜೀವಂತ ಉಳಿಯಬಹುದು. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಸೈಟಿನಲ್ಲಿ ಸೋಂಕು ತೆಗೆಯುವ ಉಚಿತ ಟೂಲ್‌ಗಳು ಸಿಗುತ್ತವೆ.

ಹಣ ಹೋಗಿದ್ದರೆ ಸ್ಕ್ಯಾನ್ ಮಾಡುತ್ತಾ ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುವ ಮೊದಲೇ ತಡೆಹಿಡಿಯಲು ಅವರಿಗೆ ಅವಕಾಶ ಸಿಗುತ್ತದೆ. ವ್ಯವಹಾರದ ಸಂಖ್ಯೆ, ಸಮಯ, ಮೊತ್ತ ಬರೆದಿಟ್ಟುಕೊಳ್ಳಿ, ಪರದೆಯ ಫೋಟೊ ತೆಗೆದುಕೊಳ್ಳಿ. ದೂರು ದಾಖಲಾಗುವವರೆಗೆ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸಬೇಡಿ.